ಆಲ್ಸೀಡ್ ತೊಳೆದ ಪಾತ್ರೆ

ಪಾತ್ರೆ ತೊಳೆದದ್ದೇ ಆಲ್ಸೀಡ್ ಮೆಲಾನ್ಸಾನ್ ಮಾಡಿದ ಅಪರಾಧ. ಬೇರೆ ಊರುಗಳಲ್ಲಿ ಗಂಡಸೊಬ್ಬ ತಾನಾಗಿಯೇ ಒಂದು ಪಾತ್ರೆ ತೊಳೆದಿಟ್ಟರೆ ಹೆಂಡತಿ ಅದನ್ನು ಹತ್ತು ಮನೆಗೆ ಹೇಳಿಕೊಂಡು ಬರುತ್ತಾಳೆ. ಬಾಯೂ ಅನ್ನುವ ನಿಧಾನ ಹೊಳೆಯ ದಂಡೆಯ ಆ ಊರಿನಲ್ಲಿ ಹಾಗಲ್ಲ. ಅಲ್ಲಿ ಪಳಗಿದ ಬೀಡುಕಬ್ಬಿಣದ ಪಾತ್ರೆಗೆ ಸೋಪು ಮುಟ್ಟಿಸಿದವನನ್ನು ಚರ್ಚಿನ ತೀರ್ಥದ ತೊಟ್ಟಿಯಲ್ಲಿ ಕಾಲು ತೊಳೆದವನ ಹಾಗೆ ನೋಡುತ್ತಾರೆ. ಆಲ್ಸೀಡ್ ಸೋಪು ಮುಟ್ಟಿಸಿದ್ದಷ್ಟೇ ಅಲ್ಲ, ಹಿತ್ತಾಳೆ ಬೆಳಗುವ ಪುಡಿ ಹಾಕಿ ತಂತಿಯ ನಾರಿನಲ್ಲಿ ಎರಡು ಗಂಟೆ ತಿಕ್ಕಿದ್ದ.

ಅದು ಅವನ ಅಮ್ಮನ ಪಾತ್ರೆ. ಅಮ್ಮನಿಗೆ ಅಜ್ಜಿಯಿಂದ ಬಂದದ್ದು. ನೂರು ವರ್ಷದ ಹಂದಿ ಕೊಬ್ಬು, ಈರುಳ್ಳಿ, ಕೋಳಿರಸ ಕುಡಿದು ಅದರ ಒಳಮೈ ಕಾಡಿಗೆಯಷ್ಟು ಕಪ್ಪಾಗಿ, ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು. ಊಟವಾದ ಮೇಲೆ ಬಿಸಿನೀರು ಸುರಿದು, ಬಟ್ಟೆಯಲ್ಲಿ ಒರೆಸಿ, ಒಂದು ಬೆರಳು ಕೊಬ್ಬು ಸವರಿ ಇಟ್ಟರೆ ಮುಗಿಯಿತು. ಅದಕ್ಕಿಂತ ಹೆಚ್ಚಿನ ಸ್ನಾನ ಅದಕ್ಕೆ ಆಗಬಾರದು. ಅಲ್ಲಿಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಅರವತ್ತೊಂದು ವರ್ಷದ ಆಲ್ಸೀಡ್‌ಗೆ ಗೊತ್ತಿರಲಿಲ್ಲ ಅಂದರೆ ಅದಕ್ಕೆ ಕಾರಣವಿದೆ.

ಅವನು ಮೂವತ್ತೆರಡು ವರ್ಷ ಮಿಸಿಸಿಪ್ಪಿ ನದಿಯ ಮೇಲೆ, ಸರಕು ದೋಣಿಗಳನ್ನು ಎಳೆಯುವ ಟಗ್ ಬೋಟಿನ ಇಂಜಿನ್ ನೋಡಿಕೊಂಡಿದ್ದವನು. ಹದಿನಾಲ್ಕು ದಿನ ನೀರಿನ ಮೇಲೆ, ಹದಿನಾಲ್ಕು ದಿನ ಮನೆಯಲ್ಲಿ. ನೀರಿನ ಮೇಲೆ ಬೋಟಿನ ಅಡುಗೆಯವ ಬಡಿಸುತ್ತಿದ್ದ, ಮನೆಯಲ್ಲಿ ಹೆಂಡತಿ ವರ್ಡಿ ಬಡಿಸುತ್ತಿದ್ದಳು. ಆ ಸೀಮೆಯ ಗಂಡಸರು ಬೇಟೆಗೆ ಹೋದಲ್ಲಿ, ಮದುವೆ ಮನೆಯಲ್ಲಿ, ಚರ್ಚಿನ ಊಟದಲ್ಲಿ ಹಂಡೆಗಟ್ಟಲೆ ಬೇಯಿಸುವವರು. ಅಡುಗೆ ಬಾರದ ಗಂಡಸು ಅಂದರೆ ಅಲ್ಲಿ ಈಜು ಬಾರದ ಬಾತುಕೋಳಿ. ಆಲ್ಸೀಡ್‌ಗೆ ಅನ್ನ ಮಾಡಲೂ ಬರುತ್ತಿರಲಿಲ್ಲ. ಇಂಜಿನ್ ರೂಮಿನಲ್ಲಿ ಅವನು ಕಲಿತದ್ದು ಒಂದೇ ನೀತಿ: ಲೋಹ ಅಂದ ಮೇಲೆ ಹೊಳೆಯಬೇಕು.

ಇಷ್ಟಕ್ಕೂ ಅವನು ಪಾತ್ರೆಗೆ ಕೈಹಾಕಿದ್ದು ವರ್ಡಿಗಾಗಿ. ಮದುವೆಯಾಗಿ ಮೂವತ್ತನಾಲ್ಕು ವರ್ಷ ಆಲ್ಸೀಡ್ ಪ್ರತಿ ಊಟದ ಕೊನೆಯಲ್ಲಿ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದು, ಒಂದೇ ಮಾತು ಹೇಳುತ್ತಿದ್ದ. “ಚೆನ್ನಾಗಿದೆ ವರ್ಡಿ. ಅಮ್ಮನದು ಒಂಚೂರು ಮೇಲಿತ್ತು, ಅಷ್ಟೆ.” ವರ್ಡಿ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ನೂರು ಜನಕ್ಕೆ ಬಡಿಸಿ ಹೊಗಳಿಸಿಕೊಂಡು ಬಂದವಳು. ಮನೆಯಲ್ಲಿ ಮಾತ್ರ ಅವಳು ಯಾವಾಗಲೂ ಒಂಚೂರು ಕೆಳಗೆ. ಅವನು ಬೋಟಿನಲ್ಲಿದ್ದಷ್ಟು ಕಾಲ ಈ ಮಾತಿಗೆ ಹದಿನಾಲ್ಕು ದಿನಕ್ಕೊಮ್ಮೆ ರಜೆ ಸಿಗುತ್ತಿತ್ತು. ನಿವೃತ್ತನಾಗಿ ಮನೆಯಲ್ಲೇ ಕೂತ ಮೇಲೆ ರಜೆಯೂ ಹೋಯಿತು. ಇಪ್ಪತ್ತೊಂದನೆಯ ದಿನ ಅವನು ಬಾಯಿ ತೆರೆದು “ಅಮ್ಮನದು” ಅನ್ನುವಷ್ಟರಲ್ಲಿ ವರ್ಡಿ ಸೌಟನ್ನು ಮೇಜಿನ ಮೇಲಿಟ್ಟಳು.

“ಇನ್ನು ಈ ಮನೆಯಲ್ಲಿ ನಾನು ಒಲೆ ಹಚ್ಚಲ್ಲ,” ಅಂದಳು. “ನಿಮ್ಮಮ್ಮನ ಪಾತ್ರೆ ಇದೆ, ನಿನ್ನ ಎರಡು ಕೈ ಇವೆ. ಅದೇ ಪಾತ್ರೆಯಲ್ಲಿ ನಾನು ತಿನ್ನೋ ಹಂಗೆ ಒಂದು ಜಂಬಲಾಯ ಮಾಡಿ ಕರಿ. ಅವತ್ತು ಬರ್ತೀನಿ.”

ಅವಳು ಹೋದದ್ದು ದೂರವೇನಲ್ಲ. ಬಾಯೂವಿನ ಆಚೆ ದಡದಲ್ಲಿ, ನೇರ ಎದುರಿಗೆ, ಅವಳ ಅಕ್ಕ ಯೂಲಿಯ ಮನೆ. ಕಾರಿನಲ್ಲಿ ಸೇತುವೆ ಸುತ್ತಿ ಹೋದರೆ ಒಂಬತ್ತು ಮೈಲಿ. ದೋಣಿಯಲ್ಲಾದರೆ ಐದು ನಿಮಿಷ. ಆ ನೀರಿಗೆ ಹರಿಯುವ ಆತುರ ಎಂದೂ ಇಲ್ಲ, ಆದರೆ ಈ ಮೂರು ವಾರ ಅದು ಆಲ್ಸೀಡ್‌ಗೆ ಸಮುದ್ರವಾಗಿತ್ತು. ಡಬ್ಬಿಯ ಸಾಸೇಜು, ಉಪ್ಪು ಬಿಸ್ಕತ್ತು ತಿಂದು ಬೆಲ್ಟಿಗೆ ಎರಡು ಹೊಸ ತೂತು ಹಾಕಿದ. ಅದಾದರೂ ಸಹಿಸಬಹುದಿತ್ತು. ಬೆಳಗ್ಗೆ ಅಡುಗೆಮನೆಯಲ್ಲಿ ಯಾರೂ ಸೌಟು ಕುಟ್ಟದ ಆ ಮೌನ ಅವನ ಎದೆಯ ಮೇಲೆ ಕೂತುಬಿಡುತ್ತಿತ್ತು. ಅವಳಿಲ್ಲದೆ ಬದುಕುವುದು ತನ್ನಿಂದಾಗದು ಅನ್ನುವುದು ಮೊದಲ ವಾರದಲ್ಲೇ ಅವನಿಗೆ ಗೊತ್ತಾಯಿತು. ಕೊನೆಗೆ ಶನಿವಾರ ಯೂಲಿಗೆ ಫೋನು ಮಾಡಿ, ನಾಳೆ ಹನ್ನೆರಡಕ್ಕೆ ಊಟಕ್ಕೆ ಬರಬೇಕಂತೆ ಅಂತ ವರ್ಡಿಗೆ ಹೇಳಿ ಎಂದು ಬೇಡಿಕೊಂಡ. ಒಂದು ನಿಮಿಷ ಬಿಟ್ಟು ಯೂಲಿ, ಬರುತ್ತಾಳಂತೆ ಅಂದಳು. ಆ ಸಂತೋಷದಲ್ಲೇ ಅವನು ಪಾತ್ರೆ ತಿಕ್ಕಲು ಕೂತದ್ದು. ಹೆಂಡತಿ ಬರುವಾಗ ಮನೆಯ ಮುಖ್ಯ ಪಾತ್ರೆ ಮಸಿ ಹಿಡಿದು ಕೂತಿದ್ದರೆ ಹೇಗೆ?

ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ರಾತ್ರಿ ಬೆಳ್ಳಿಯ ಹಾಗಿದ್ದ ಪಾತ್ರೆಗೆ ಕಿತ್ತಳೆ ಬಣ್ಣದ ತುಕ್ಕು ಬಂದಿತ್ತು. ಪಾಪ, ಸರಿಯಾಗಿ ತಿಕ್ಕಿಲ್ಲ ಅಂದುಕೊಂಡು ಮತ್ತೊಮ್ಮೆ ತಿಕ್ಕಿದ. ಆಮೇಲೆ ಒಲೆಯ ಮೇಲಿಟ್ಟ. ಜಂಬಲಾಯ ಬಡವರ ಅಡುಗೆ. ನಾಲ್ಕು ಕೋಳಿ ತೊಡೆ, ಒಂದು ಮೊಳ ಹೊಗೆ ಕೊಟ್ಟ ಸಾಸೇಜು, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಸೆಲೆರಿ, ಮಿಕ್ಕಿದ್ದೆಲ್ಲ ಅಕ್ಕಿ. ಮಾಂಸ ತಳ ಹಿಡಿಯುವ ಹಾಗೆ ಕೆಂಪಗೆ ಹುರಿಯಬೇಕು, ತಳ ಹಿಡಿದದ್ದನ್ನು ಕೆರೆದು ಅದರ ಬಣ್ಣದಲ್ಲೇ ಅಕ್ಕಿ ಬೇಯಿಸಬೇಕು. ಮುಚ್ಚಳ ಹಾಕಿದ ಮೇಲೆ ದೇವರೇ ಬಂದು ಕೇಳಿದರೂ ತೆಗೆಯಬಾರದು. ಇಷ್ಟನ್ನು ಅವನು ಚೀಟಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದ. ಮಾಂಸ ತಳ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಸೌಟು ಹಾಕಿ ಮೀಟಿದರೆ ಚರ್ಮ ಪಾತ್ರೆಗೆ, ಮೂಳೆ ಅವನ ಕೈಗೆ ಬಂತು. ಮೂವತ್ತೆರಡು ವರ್ಷದ ಇಂಜಿನ್ ಅನುಭವವೆಲ್ಲ ಸೇರಿಸಿ ಚಿಮಟ ಹಾಕಿ ಎಳೆಯುತ್ತಿದ್ದಾಗ ಹಿಂಬಾಗಿಲಿನಿಂದ ನೋಲನ್ ವಿಯಾಟರ್ ಬಂದ.

ನೋಲನ್ ಎಡಮನೆಯವನು. ಭಾನುವಾರ ಬೆಳಗ್ಗೆ ಅಲ್ಲೊಂದು ಕಾಫಿ ಕುಡಿಯುವುದು ಅವನ ಹಕ್ಕು. ಹಂದಿ ಹುರಿಯುವುದರಲ್ಲಿ, ಬೇರೆಯವರ ಬದುಕು ತಿದ್ದುವುದರಲ್ಲಿ ಅವನಿಗೆ ಸರಿಸಮಾನರಿಲ್ಲ. ಬಾಗಿಲಲ್ಲೇ “ಏನಯ್ಯಾ, ಮೂಗು ಸುಡ್ತಾ ಇದೆ” ಅಂದವನು ಒಲೆಯ ಹತ್ತಿರ ಬಂದು ಪಾತ್ರೆಯೊಳಗೆ ನೋಡಿದ. ತಲೆಯ ಮೇಲಿನ ಟೋಪಿ ತೆಗೆದ. ಟೋಪಿಯನ್ನು ಎದೆಗಿಟ್ಟುಕೊಂಡ.

“ಯಾವಾಗ ಆಯ್ತು?” ಅಂತ ಮೆಲ್ಲಗೆ ಕೇಳಿದ.

“ನಿನ್ನೆ ಸಾಯಂಕಾಲ,” ಅಂದ ಆಲ್ಸೀಡ್. “ತೊಳೆದೆ.”

“ಸೋಪಲ್ಲಾ?”

“ಮೊದಲು ಸೋಪು. ಆಮೇಲೆ ಹಿತ್ತಾಳೆ ಪುಡಿ.”

ನೋಲನ್ ಕುರ್ಚಿ ಎಳೆದುಕೊಂಡು ಕೂತ. “ನಿಮ್ಮಮ್ಮ ಪುಣ್ಯವಂತೆ,” ಅಂದ. “ಇದನ್ನ ನೋಡೋಕೆ ಬದುಕಿಲ್ಲ.”

ಆಗ ಆಲ್ಸೀಡ್‌ಗೆ ತಾನೇನು ಮಾಡಿದ್ದೇನೆ ಅನ್ನುವುದು ಇಳಿಯತೊಡಗಿತು. ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಅದೇ ಪಾತ್ರೆಯಲ್ಲಿ ಅಂದಿದ್ದಳು ವರ್ಡಿ. ಗಂಟೆ ಒಂಬತ್ತಾಗಿತ್ತು. ಇನ್ನು ಮೂರೇ ತಾಸಿನಲ್ಲಿ ಅವಳು ಬಂದು ಈ ಬೂದುಬಣ್ಣದ ಹೆಣವನ್ನು ನೋಡುತ್ತಾಳೆ. ಅಡುಗೆ ಬಾರದ ಗಂಡನನ್ನಾದರೂ ಯಾವುದೋ ಹೆಂಗಸು ಕ್ಷಮಿಸಿಯಾಳು, ಪಾತ್ರೆ ಕೊಂದ ಗಂಡನನ್ನು ಆ ದಂಡೆಯ ಯಾವ ಹೆಂಗಸೂ ಕ್ಷಮಿಸಿದ ದಾಖಲೆ ಇಲ್ಲ.

ನೋಲನ್ ತನ್ನ ಕೈಲಾದ ಉಪಕಾರ ಮಾಡಿದ. ಅಂದರೆ, ಬಲಮನೆಯ ಮಿಸ್ ಜೆಲಿಗೆ ಹೇಳಿಬಂದ. ಎಂಬತ್ತನಾಲ್ಕು ವರ್ಷದ ಮಿಸ್ ಜೆಲಿ ಊರಿನ ಟೆಲಿಫೋನ್ ಕಂಬವಿದ್ದ ಹಾಗೆ, ಯಾವ ಸುದ್ದಿಯೂ ಅವಳನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಅವಳು ಕೋಲೂರಿಕೊಂಡು ಬಂದಳು, ಪಾತ್ರೆ ನೋಡಿದಳು, ಶಿಲುಬೆಯ ಗುರುತು ಮಾಡಿಕೊಂಡಳು. ಇದರಲ್ಲಿ ನಿಮ್ಮಮ್ಮ ನನ್ನ ಮದುವೆಗೆ ಅಡುಗೆ ಮಾಡಿದ್ಲು ಕಣೋ ಅಂತ ಅವನ ಕೆನ್ನೆ ಸವರಿ ಅತ್ತಳು. ಅಷ್ಟು ಹೊತ್ತಿಗೆ ಚರ್ಚು ಬಿಟ್ಟಿತ್ತು. ಮೆಲಾನ್ಸಾನ್ ಮನೆಯ ಜಗುಲಿಯಲ್ಲಿ ಮಿಸ್ ಜೆಲಿ ಕರವಸ್ತ್ರ ಹಿಡಿದು ಕೂತದ್ದನ್ನು, ನೋಲನ್ ಟೋಪಿಯಿಲ್ಲದೆ ನಿಂತದ್ದನ್ನು ರಸ್ತೆಯಲ್ಲಿ ಹೋಗುವವರು ನೋಡಿದರು. ಒಂದು ಕಾರು ನಿಂತಿತು. ಕಾರು ನಿಂತದ್ದು ನೋಡಿ ಇನ್ನೊಂದು ನಿಂತಿತು. ಹತ್ತು ಗಂಟೆಗೆ ಹುಲ್ಲಿನ ಮೇಲೆ ಏಳು ಕಾರು. ಕ್ಲೋಟಿಲ್ಡ್ ಅನ್ನುವವಳು ಮನೆಗೆ ಹೋಗಿ ಒಂದು ಬೋಗುಣಿ ಆಲೂಗಡ್ಡೆ ಸಲಾಡ್ ತಂದು, ಸಾವಿನ ಮನೆಗೆ ಬರಿಗೈಯಲ್ಲಿ ಬರಬಾರದಲ್ಲ ಅಂತ ಮೇಜಿನ ಮೇಲಿಟ್ಟು, ಯಾರು ಹೋದದ್ದು ಅಂತ ಪಿಸುಮಾತಿನಲ್ಲಿ ಕೇಳಿದಳು. ಪಾತ್ರೆ ಅಂದರು. ಸದ್ಯ, ದೇವರು ದೊಡ್ಡವನು ಅಂತ ಅವಳು ನಿಟ್ಟುಸಿರು ಬಿಟ್ಟಳು. ಒಳಗೆ ಹೋಗಿ ನೋಡಿ ಬಂದ ಮೇಲೆ, ಇದಕ್ಕಿಂತ ಮನುಷ್ಯರೇ ಹೋಗಿದ್ದರೆ ವಾಸಿಯಿತ್ತು ಅಂದಳು.

ಬಂದವರೆಲ್ಲ ಆಲ್ಸೀಡ್‌ನ ಹೆಗಲು ತಟ್ಟಿದರು. ಸೀಸೆ ಒಡೆದರೆ ಅಂಟಿಸಬಹುದು ಎಂಬಂಥ ಸಮಾಧಾನ ಹೇಳಿದರು. ತಮ್ಮ ಮನೆಯ ಪಾತ್ರೆಗಳ ವಯಸ್ಸು, ಆರೋಗ್ಯ ವಿಚಾರಿಸಿಕೊಂಡರು. ಆಲ್ಸೀಡ್ ನಡುವೆ ಕೂತು, ಯಾರಾದರೂ ಹೊಡೆದರೆ ಎಷ್ಟೋ ಮೇಲು ಅಂದುಕೊಂಡ. ಅವನ ಕಣ್ಣು ಗಡಿಯಾರದ ಮೇಲೇ ಇತ್ತು.

ಪಾತ್ರೆಯನ್ನು ಬದುಕಿಸುವ ಮದ್ದು ನೋಲನ್‌ಗೆ ಗೊತ್ತಿತ್ತು. ಹಂದಿ ಕೊಬ್ಬು ತೆಳ್ಳಗೆ ಸವರಿ ಓವನ್ನಿನಲ್ಲಿ ಕಾಯಿಸಬೇಕು, ಆರಿಸಬೇಕು, ಮತ್ತೆ ಸವರಬೇಕು, ಒಂದು ವಾರ. ಇರುವುದು ಎರಡು ಗಂಟೆ ಅಂದ ಆಲ್ಸೀಡ್. ಹಾಗಾದರೆ ಸ್ವಲ್ಪ ದಪ್ಪಗೆ ಸವರೋಣ ಅಂತ ನೋಲನ್, ಅಂಟಿದ್ದ ಮಾಂಸ ಕೆರೆದು ತೆಗೆದು, ಒಂದು ಹಿಡಿ ಹಚ್ಚಿದ. ಅವನು ಕೈ ತೊಳೆಯಲು ಹೋದಾಗ ಮಿಸ್ ಜೆಲಿ, ಗಂಡಸರ ಕೈ ಯಾವಾಗಲೂ ಜಿಪುಣ ಅನ್ನುತ್ತ ಇನ್ನೊಂದು ಹಿಡಿ ಹಚ್ಚಿದಳು. ಅವಳು ಕೂತ ಮೇಲೆ ಕ್ಲೋಟಿಲ್ಡ್ ಯಾರಿಗೂ ತಿಳಿಯದ ಹಾಗೆ ಮತ್ತೊಂದು ಹಿಡಿ. ಪಾತ್ರೆ ಓವನ್ನಿಗೆ ಹೋಗಿ ಹದಿನೈದು ನಿಮಿಷಕ್ಕೆ ಕೊಬ್ಬು ಕರಗಿ ಒಲೆಯ ತಳಕ್ಕೆ ಸುರಿಯಿತು. ಅಡುಗೆಮನೆಯಿಂದ ಎದ್ದ ಹೊಗೆ ಕಿಟಕಿಯಿಂದ, ಬಾಗಿಲಿನಿಂದ, ಮಾಡಿನ ಸಂದಿನಿಂದ ಹೊರಬಂದು ಬಾಯೂವಿನ ಮೇಲೆ ಮೋಡ ಕಟ್ಟಿತು. ಜನ ಕೆಮ್ಮುತ್ತ ಹುಲ್ಲಿಗೆ ಓಡಿದರು. ಆಲ್ಸೀಡ್ ಒದ್ದೆ ಗೋಣಿ ಹಿಡಿದು ಒಳಗೇ ಉಳಿದ. ಓವನ್ ಆರಿಸಿ, ಪಾತ್ರೆಯನ್ನು ಹೊರಗೆ ಎಳೆದು, ಮಸಿ ಮುಖದಲ್ಲಿ ನೆಲದ ಮೇಲೆ ಕೂತ. ಪಾತ್ರೆಗೆ ಕಪ್ಪೇನೂ ಹಿಡಿದಿರಲಿಲ್ಲ. ಜೇನುಮೇಣ ಮೆತ್ತಿದ ಹಾಗೆ ಹಳದಿ ಅಂಟು ಮಾತ್ರ ಅಲ್ಲಲ್ಲಿ ನಿಂತಿತ್ತು.

ಆಗ ಹೊರಗಿನಿಂದ ಒಂದು ದನಿ ಕೇಳಿತು. “ಆಲ್ಸೀಡ್ ಎಲ್ಲಿ? ಅವನು ಹೊರಗೆ ಬಂದ್ನಾ?”

ವರ್ಡಿಯ ದನಿ. ಆಚೆ ದಡದಿಂದ ಹೊಗೆ ನೋಡಿದವಳು ಹನ್ನೆರಡಾಗುವುದನ್ನು ಕಾಯದೆ, ಸೇತುವೆಯ ದಾರಿ ಹಿಡಿಯದೆ, ಅಕ್ಕನ ದೋಣಿಗೆ ಹಾರಿ ತಾನೇ ಹುಟ್ಟು ಹಾಕಿಕೊಂಡು ಬಂದಿದ್ದಳು. ಮೊಣಕಾಲವರೆಗೆ ಕೆಸರು, ಕಾಲಲ್ಲಿ ಮನೆಯ ಚಪ್ಪಲಿ, ಕೈಯಲ್ಲಿ ಖಾಲಿ ಬಕೆಟ್ಟು. ಅವಳು ಮೊದಲು ವಿಚಾರಿಸಿದ್ದು ಮನೆಯನ್ನಲ್ಲ, ಅವನನ್ನು. ಅದನ್ನು ಕೇಳಿ ಆಲ್ಸೀಡ್‌ಗೆ ಕಣ್ಣಲ್ಲಿ ನೀರು ಬಂತು, ಹೊಗೆ ಅದಕ್ಕೆ ನೆಪವಾಯಿತು.

ಅವಳು ಒಳಗೆ ಬಂದು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಸುಟ್ಟಿಲ್ಲ ಅಂತ ಖಾತ್ರಿಯಾದ ಮೇಲೆ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ನೆಲದ ಮೇಲಿದ್ದ ಪಾತ್ರೆ ಕಣ್ಣಿಗೆ ಬಿತ್ತು. ಬಾಗಿಲಲ್ಲಿ ತಲೆಗಳ ಮೇಲೆ ತಲೆಯಿಟ್ಟು ನೋಡುತ್ತಿದ್ದವರೆಲ್ಲ ಉಸಿರು ಹಿಡಿದರು.

“ನಾನೇ ತೊಳೆದದ್ದು,” ಅಂದ ಆಲ್ಸೀಡ್. “ನೀನು ಬರ್ತೀಯ ಅಂತ. ಅಮ್ಮನ ಪಾತ್ರೆ ಸತ್ತುಹೋಯ್ತು ವರ್ಡಿ.”

ವರ್ಡಿ ಬಗ್ಗಿ ಕೂತಳು. ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿದ್ದ ಟವೆಲ್ಲಿನಿಂದ ಹಳದಿ ಅಂಟನ್ನು ಒರೆಸಿದಳು. ಬರಿಯ ಕಬ್ಬಿಣದ ಮೇಲೆ ಬೆರಳಾಡಿಸಿದಳು, ತಳದಲ್ಲಿ, ಅಂಚಿನಲ್ಲಿ, ಏನೋ ಹುಡುಕುವವಳ ಹಾಗೆ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆ ಅಂತ ಎಲ್ಲರೂ ಅಂದುಕೊಂಡರು. ತಲೆ ಎತ್ತಿದಾಗ ನೋಡಿದರೆ ನಗು.

“ಇದರಲ್ಲಿ ಈಗ ನಿಮ್ಮಮ್ಮ ಇಲ್ಲ,” ಅಂದಳು. “ಎಷ್ಟು ಸಲ ಇದನ್ನ ಬಾಯೂಗೆ ಎಸೆಯೋಣ ಅನ್ಕೊಂಡಿದೀನಿ ಗೊತ್ತಾ? ಧೈರ್ಯ ಬರಲಿಲ್ಲ. ಏನು ಮಾಡಿದ್ರೂ ರುಚಿ ಪಾತ್ರೆದು, ಪಾತ್ರೆ ಅವಳದು. ಮೂವತ್ನಾಲ್ಕು ವರ್ಷದಲ್ಲಿ ನೀನು ನನಗೆ ಮಾಡಿದ ಒಳ್ಳೇ ಕೆಲಸ ಅಂದ್ರೆ ಇದೊಂದೇ, ಪೆದ್ದ.”

ಎಲ್ಲರೆದುರಿಗೆ ಅವನ ಮಸಿ ಹಣೆಗೆ ಮುತ್ತಿಟ್ಟಳು. ಆಲ್ಸೀಡ್‌ಗೆ ಭೂಮಿ ಕಾಲಿಗೆ ಸಿಗಲಿಲ್ಲ. ಷರತ್ತು ಈಗ ಬೇಡ, ಅಡುಗೆ ತಾನೇ ಮಾಡುತ್ತೇನೆ, ಇವತ್ತು, ಈ ಪಾತ್ರೆಯಲ್ಲಿ, ತನ್ನ ಕೈಯ ಮೊದಲ ಅಡುಗೆ ಅಂದಳು ವರ್ಡಿ. ಊಟವಾದ ಮೇಲೆ ಕಾರು ತೆಗೆದುಕೊಂಡು ಹೋಗಿ ಯೂಲಿಯ ಮನೆಯಿಂದ ನನ್ನ ಪೆಟ್ಟಿಗೆ ತಂದುಬಿಡು ಅಂತಲೂ ಹೇಳಿದಳು. ಅವನು ಆಗಲೇ ಕಾರಿನ ಕೀಲಿ ಹುಡುಕಲು ಹೊರಟ.

ನೋಲನ್ ಗಂಟಲು ಸರಿಮಾಡಿಕೊಂಡ. “ವರ್ಡಿ, ಹಸಿ ಕಬ್ಬಿಣ ಅದು. ವಾರವಾದ್ರೂ ಕೊಬ್ಬು ಕುಡಿಸ್ದೆ ಅನ್ನ ಬೇಯಿಸಿದ್ರೆ...”

“ಮೂವತ್ನಾಲ್ಕು ವರ್ಷ ಕಾದಿದೀನಿ ನೋಲನ್. ಇನ್ನೊಂದು ವಾರ ಕಾಯಲ್ಲ.”

ಅವಳ ದನಿ ಕೇಳಿ ನೋಲನ್ ಟೋಪಿ ಹಾಕಿಕೊಂಡು, ತನ್ನ ಫ್ರಿಜ್ಜಿನಿಂದ ಕೋಳಿ, ಸಾಸೇಜು ತರಲು ಹೋದ. ಸಾವಿನ ಮನೆ ಮದುವೆ ಮನೆಯಾಯಿತು. ಗಂಡಸರು ಹುಲ್ಲಿನ ಮೇಲೆ ಮೇಜು ಹಾಕಿದರು. ವರ್ಡಿ ಈರುಳ್ಳಿ ಹೆಚ್ಚುತ್ತ ಹಾಡು ಗುನುಗಿದಳು. ಮಾಂಸ ತಳಕ್ಕೆ ಅಂಟಿದರೆ ಕೊಬ್ಬು ಸುರಿದು ಬಿಡಿಸಿದಳು, ನೀರು ಹಾಕಿದಳು, ಅಕ್ಕಿ ಹಾಕಿದಳು, ಮುಚ್ಚಳ ಹಾಕಿ ಅದರ ಮುಂದೆ ಕಾವಲು ನಿಂತಳು. ಬೇಯುವಾಗ ರುಚಿ ನೋಡುವ ಅಭ್ಯಾಸ ಅವಳಿಗಿಲ್ಲ, ಅವಳ ಮೂಗೇ ಸಾಕು. ಆ ಬೆಳಗ್ಗೆ ಆ ಮನೆಯಲ್ಲಿ ಕರಕಲು ಕೊಬ್ಬಿನ ವಾಸನೆ ಬಿಟ್ಟು ಯಾರ ಮೂಗಿಗೂ ಬೇರೇನೂ ಹತ್ತುತ್ತಿರಲಿಲ್ಲ.

ಹನ್ನೆರಡೂವರೆಗೆ ಬಡಿಸಿದಳು. ಅಡುಗೆ ಮಾಡಿದವಳು ಕೊನೆಗೆ ತಿನ್ನುವುದು ಅಲ್ಲಿಯ ಪದ್ಧತಿ. ಅನ್ನ ಕಂದುಬಣ್ಣಕ್ಕೆ ಬರುವ ಬದಲು ಮಳೆಗಾಲದ ಆಕಾಶದ ಬಣ್ಣಕ್ಕೆ ಬಂದಿತ್ತು. ಹೊಸ ಪಾತ್ರೆಯಲ್ಲವೇ ಅಂತ ಯಾರೋ ಅಂದರು. ಮೊದಲು ಬಾಯಿಗಿಟ್ಟವನು ನೋಲನ್. ಅವನು ಅಗಿಯುವುದನ್ನು ನಿಲ್ಲಿಸಿ ಆಚೆ ಮರದಲ್ಲಿ ಹಕ್ಕಿ ಇದೆಯೇ ಅಂತ ಬಹಳ ಹೊತ್ತು ನೋಡಿದ. ಮಿಸ್ ಜೆಲಿ ಹಲ್ಲಿನ ಸೆಟ್ಟು ಮನೆಯಲ್ಲೇ ಮರೆತೆ ಅಂದಳು, ಹಲ್ಲು ಬಾಯಲ್ಲೇ ಇತ್ತು. ಕ್ಲೋಟಿಲ್ಡ್ ತಂದ ಆಲೂಗಡ್ಡೆ ಸಲಾಡಿಗೆ ಇದ್ದಕ್ಕಿದ್ದಂತೆ ಗಿರಾಕಿ ಜಾಸ್ತಿಯಾದರು.

ಆಲ್ಸೀಡ್ ಒಂದು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡ. ಲಂಗರಿನ ಸರಪಳಿ ನೆಕ್ಕಿದ ಹಾಗಾಯಿತು. ನುಂಗಲಾರ, ಉಗುಳಲಾರ. ಎದುರಿಗೆ ವರ್ಡಿ ನಿಂತಿದ್ದಳು. ಹಣೆಗೆ ಕೂದಲು ಅಂಟಿತ್ತು, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಊಟದ ಮೇಲೆ ಅವನ ಮುಖವನ್ನು ಹೀಗೆ ನೋಡಿದ್ದೇ ಇಲ್ಲ. ಏನು ಬರುತ್ತದೆ ಅಂತ ಗೊತ್ತಿದ್ದರಿಂದ ಅವಳು ಯಾವಾಗಲೂ ತಿರುಗಿಕೊಂಡು ಪಾತ್ರೆ ಎತ್ತುತ್ತಿದ್ದಳು.

“ಹೇಳು,” ಅಂದಳು. “ಸುಳ್ಳು ಬೇಡ.”

ಅವನು ನುಂಗಿದ. ಅದು ಗಂಟಲಲ್ಲಿ ಇಳಿಯುತ್ತಿದ್ದಾಗಲೇ ಹೇಳಿಬಿಟ್ಟ. “ಅಮ್ಮನದಕ್ಕಿಂತ ಮೇಲು.”

“ಎಷ್ಟು?”

“ಒಂಚೂರಲ್ಲ. ಎಷ್ಟೋ ಪಾಲು ಮೇಲು.”

ವರ್ಡಿ ಮುಖಕ್ಕೆ ಎರಡೂ ಕೈ ಮುಚ್ಚಿಕೊಂಡಳು. ಸುತ್ತಲಿನವರು ಚಪ್ಪಾಳೆ ತಟ್ಟಿದರು, ತಟ್ಟುವಾಗ ತಟ್ಟೆ ಕೆಳಗಿಡಲು ಸಿಕ್ಕ ಅವಕಾಶವನ್ನು ಯಾರೂ ಬಿಡಲಿಲ್ಲ. ಆಲ್ಸೀಡ್ ಇನ್ನೊಂದು ಚಮಚ ತಿಂದ, ಮತ್ತೊಂದು ತಿಂದ. ಇಂಥ ಅನ್ನವನ್ನು ಸಾಯುವವರೆಗೆ ದಿನಾ ತಿನ್ನಲು ಅವನು ಸಿದ್ಧನಾಗಿದ್ದ. ವರ್ಡಿ ಕಣ್ಣೊರೆಸಿಕೊಂಡು, ನಗುತ್ತ, ತನ್ನ ತಟ್ಟೆಗೆ ಬಡಿಸಿಕೊಂಡು ಅವನ ಪಕ್ಕದಲ್ಲೇ ಕೂತು ಒಂದು ಚಮಚ ಬಾಯಿಗಿಟ್ಟಳು.

ಅಗಿದಳು. ನಿಲ್ಲಿಸಿದಳು. ಕರವಸ್ತ್ರ ಬಾಯಿಗೆ ಹಿಡಿದು ಉಗುಳಿದಳು. ನೋಲನ್ ಮತ್ತೆ ಹಕ್ಕಿ ಹುಡುಕಿದ.

“ಇದು ನಿಮ್ಮಮ್ಮನದಕ್ಕಿಂತ ಮೇಲಾ?” ಅವಳ ದನಿ ಬಹಳ ಮೆಲ್ಲಗಿತ್ತು.

ಆಲ್ಸೀಡ್ ಚಮಚವನ್ನು ತಟ್ಟೆಯಲ್ಲಿಟ್ಟ.

“ಎರಡರಲ್ಲಿ ಒಂದು ನಿಜ,” ಅಂದಳು ವರ್ಡಿ. “ನಿನ್ನ ನಾಲಿಗೆಗೆ ರುಚಿ ಅನ್ನೋದೇ ಗೊತ್ತಿಲ್ಲ ಅಂದ್ರೆ, ಆ ನಾಲಿಗೆ ನಂಬಿ ನಾನು ಮೂವತ್ನಾಲ್ಕು ವರ್ಷ ಅತ್ತಿದ್ದು ದಂಡ. ಗೊತ್ತಿದ್ದೂ ಹೇಳ್ದೆ ಅಂದ್ರೆ, ನಾಳೆ ನಾನು ನಿಜವಾಗ್ಲೂ ಚೆನ್ನಾಗಿ ಮಾಡಿದಾಗ ನೀನು ಹೊಗಳಿದ್ರೆ ನಾನು ಹೆಂಗೆ ನಂಬ್ಲಿ? ಒಂದೇ ಒಂದು ಸಲ ಕೇಳಿದೆ, ಸುಳ್ಳು ಬೇಡ ಅಂತ.”

ಅವಳು ಎದ್ದು ಪಾತ್ರೆಯಲ್ಲಿದ್ದುದನ್ನು ಹುಲ್ಲಿಗೆ ಸುರಿದಳು. ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ನೀರಿನ ಕಡೆಗೆ ನಡೆದಳು. ಇದು ಈಗ ಯಾರದೂ ಅಲ್ಲ, ಆದ್ದರಿಂದ ನನ್ನದು ಅಂದಳು. ಆಲ್ಸೀಡ್ ಹಿಂದೆಯೇ ಓಡಿದ. ಅವಳು ದೋಣಿಯೊಳಗೆ ಪಾತ್ರೆ ಇಟ್ಟು ಹುಟ್ಟು ತೆಗೆದುಕೊಂಡಾಗ ಅವನು ಮೊಣಕಾಲು ನೀರಿನಲ್ಲಿ ನಿಂತು ದೋಣಿಯ ಅಂಚು ಹಿಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ನಿಂದೇ ಮೇಲಿತ್ತು ವರ್ಡಿ. ಮೊದಲನೇ ದಿನದಿಂದ ನಿಂದೇ ಮೇಲು. ಅಮ್ಮ ಪಕ್ಕದ ರೂಮಲ್ಲಿ ಹಾಸಿಗೆ ಹಿಡಿದು ಮಲಗಿದ್ದಳಲ್ಲ. ಗೋಡೆಗೆ ಕಿವಿಯಿಟ್ಟು ಕೇಳಿಸ್ಕೊಳ್ತಿದ್ಲು. ನೊಂದ್ಕೋತಾಳೆ ಅಂತ ದಿನಾ ಹಂಗಂತಿದ್ದೆ. ಆಣೆಗೂ ಅಷ್ಟೆ.”

ಹುಟ್ಟು ನೀರಿನಲ್ಲಿ ನಿಂತಿತು. ವರ್ಡಿ ಅವನನ್ನು ನೋಡಿದಳು. ಕೋಪ ಇರಲಿಲ್ಲ, ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ಆ ರೂಮು ಖಾಲಿಯಾಗಿ ಇಪ್ಪತ್ತಾರು ವರ್ಷ ಆಯ್ತು, ಆಲ್ಸೀಡ್,” ಅಂದಳು.

ಅವನ ಕೈ ತಾನಾಗಿ ಸಡಿಲವಾಯಿತು. ದೋಣಿ ಹೋಯಿತು. ಸೋಮಾರಿ ನೀರು ಅವಳಿಗೆ ದಾರಿ ಬಿಟ್ಟು ಮತ್ತೆ ಮುಚ್ಚಿಕೊಂಡಿತು.

ಕಾರುಗಳು ಒಂದೊಂದಾಗಿ ಹೊರಟವು. ನೋಲನ್ ಹೋಗುವ ಮುಂಚೆ ಬಂದು, ದಿನಾ ಬೇಯಿಸಿದರೆ ಪಾತ್ರೆ ಹತ್ತು ವರ್ಷದಲ್ಲಿ ಕಪ್ಪಾಗುತ್ತದೆ, ಹೆಂಗಸರ ಮನಸ್ಸಿನ ವಿಷಯ ತಾನು ಹೇಳಲಾರೆ ಅಂದ. ಕ್ಲೋಟಿಲ್ಡ್ ತನ್ನ ಬೋಗುಣಿ ತೊಳೆದುಕೊಂಡು ಹೋದಳು. ಆಲ್ಸೀಡ್ ಒದ್ದೆ ಷರಾಯಿಯಲ್ಲೇ ಮನೆಯೊಳಗೆ ನಡೆದ. ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಹಜಾರದಲ್ಲಿ ಕೂರಲಾಗಲಿಲ್ಲ. ಕೊನೆಗೆ ಪಕ್ಕದ ರೂಮಿನ ಬಾಗಿಲು ತಳ್ಳಿದ.

ಕಬ್ಬಿಣದ ಮಂಚ, ಅದರ ಮೇಲೆ ಅವನ ಹಳೆಯ ರೇನ್‌ಕೋಟು, ಕಿಟಕಿಯಲ್ಲಿ ಸತ್ತ ನೊಣಗಳು. ಗೋಡೆಯಾಚೆ ಊಟದ ಮೇಜು. ಇಪ್ಪತ್ತಾರು ವರ್ಷ ತಾನು ಈ ರೇನ್‌ಕೋಟಿಗೆ ಕೇಳಲಿ ಅಂತ ಹೆಂಡತಿಯನ್ನು ಅಳಿಸುತ್ತ ಬಂದೆನಲ್ಲ ಅಂದುಕೊಂಡ. ಬಾಗಿಲಲ್ಲಿ ನಿಂತು, ಚಿಕ್ಕ ಮಗುವಿನ ಹಾಗೆ ಕೈಕಟ್ಟಿಕೊಂಡು, ಮಂಚಕ್ಕೆ ಹೇಳಿದ. “ಅಮ್ಮ, ಬೇಜಾರು ಮಾಡ್ಕೋಬೇಡ. ವರ್ಡಿದೇ ಮೇಲಿತ್ತು.” ಮೂವತ್ತನಾಲ್ಕು ವರ್ಷಕ್ಕೆ ಆ ಮಾತು ಆ ಮನೆಯೊಳಗೆ ಮೊದಲ ಸಲ ಹೊರಬಿತ್ತು. ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ನಾಳೆ ಸೇತುವೆ ಸುತ್ತಿ ಹೋಗುತ್ತೇನೆ, ಅಮ್ಮನಿಗೂ ಹೇಳಿಬಿಟ್ಟೆ ಅನ್ನುತ್ತೇನೆ, ನಂಬಿದರೆ ನಂಬಲಿ ಅಂದುಕೊಂಡ.

ಆ ಹೊತ್ತಿಗೆ ಮಿಸ್ ಜೆಲಿ ಮರೆತು ಹೋದ ಕೋಲು ತೆಗೆದುಕೊಳ್ಳಲು ಜಗುಲಿಗೆ ಬಂದಿದ್ದಳು. ಕಿಟಕಿಯಲ್ಲಿ ಕಂಡದ್ದನ್ನು ಕಂಡಳು. ಮಾತು ಕೇಳಿಸಲಿಲ್ಲ, ಅವಳಿಗೆ ಕಿವಿ ಮಂದ, ಕಣ್ಣು ಚುರುಕು. ಕೋಲನ್ನು ಊರುವುದನ್ನೂ ಮರೆತು ಸರಸರನೆ ಮನೆಗೆ ಹೋಗಿ ಫೋನೆತ್ತಿದಳು.

ಆಚೆ ದಡದಲ್ಲಿ ಯೂಲಿ ಫೋನು ಹಿಡಿದು ಹೂಂ ಹೂಂ ಅಂದಳು. ಆಮೇಲೆ ಜಗುಲಿಗೆ ಬಂದು, ನೀರಿನ ಕಡೆ ಮುಖ ಮಾಡಿ ಪಾತ್ರೆಗೆ ಕೊಬ್ಬು ಸವರುತ್ತ ಕೂತಿದ್ದ ತಂಗಿಗೆ ಹೇಳಿದಳು.

“ಮಿಸ್ ಜೆಲಿ ಕಣ್ಣಾರೆ ನೋಡಿದಳಂತೆ. ನೀನು ಈ ಕಡೆ ಬಂದಿದ್ದೇ ತಡ, ಸೀದಾ ಅವರಮ್ಮನ ರೂಮಿಗೆ ಹೋಗಿ, ಅವಳಿನ್ನೂ ಇದ್ದ ಹಂಗೆ ಕೈಕಟ್ಕೊಂಡು ನಿಂತು ಮಾತಾಡ್ತಿದ್ನಂತೆ.”

ವರ್ಡಿ ಎದ್ದು, ಕುರ್ಚಿಯನ್ನು ತಿರುಗಿಸಿ, ಬಾಯೂವಿಗೆ ಬೆನ್ನು ಹಾಕಿ ಕೂತು ಪಾತ್ರೆಗೆ ಕೊಬ್ಬು ಸವರತೊಡಗಿದಳು.